ಮೀಯಲು ಎರಡು ಮನೆ: ಮತ್ಸುಯಾಮಾದ ದೋಗೋ, ತಾಂಪೆರೆಯ ರಾಯಾಪೋರ್ತಿ

ಜಪಾನಿಗೆ ಹೋದ ನಮ್ಮವರು ಒನ್ಸೆನ್ ಎಂಬ ಬಿಸಿನೀರ ಬುಗ್ಗೆಯ ಸ್ನಾನದ ಮನೆಗೆ, ಫಿನ್ಲೆಂಡಿಗೆ ಹೋದವರು ಬಿಸಿ ಕೋಣೆಯಲ್ಲಿ ಕೂತು ಬೆವರುವ ಸಾರ್ವಜನಿಕ ಸೌನಾಗೆ ಕಾಲಿಡದೆ ವಾಪಸಾಗಲು ಹೆಚ್ಚಾಗಿ ಒಂದೇ ಕಾರಣ: ಮೈಮೇಲೆ ಒಂದೆಳೆ ಬಟ್ಟೆಯೂ ಇಲ್ಲದೆ ಕೂರಬೇಕು. ಜಪಾನಿನ ದೋಗೋದಲ್ಲಿ ಅದು ನಿಯಮ, ಫಿನ್ಲೆಂಡಿನ ರಾಯಾಪೋರ್ತಿಯಲ್ಲಿ ರೂಢಿ. ಎರಡೂ ಕಡೆ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಜಾಗವಿದೆ, ಒಳಗೆ ಯಾರೂ ಯಾರನ್ನೂ ದಿಟ್ಟಿಸುವುದಿಲ್ಲ. ಸಂಕೋಚವೆಲ್ಲ ಮೊದಲ ಐದು ನಿಮಿಷದ್ದು. ಅದೂ ಆಗದು ಎನ್ನುವವರಿಗೆ ಬೇರೆ ದಾರಿಯಿದೆ, ಮುಂದೆ ಹೇಳುತ್ತೇವೆ.

ಹೊಸ ಸ್ಪಾಗಳು ಎರಡೂ ದೇಶಗಳಲ್ಲಿ ಬೇಕಾದಷ್ಟಿವೆ. ಆದರೆ ಇವೆರಡು ಊರ ಜನ ಇವತ್ತಿಗೂ ಮೀಯಲು ಬರುವ ಮನೆಗಳು. ದೋಗೋ ಒನ್ಸೆನ್ ಹೊನ್‌ಕಾನ್‌ನ, ಎಂದರೆ ಅಲ್ಲಿನ ಮುಖ್ಯ ಸ್ನಾನದ ಮನೆಯ, ಮೂರಂತಸ್ತಿನ ಮರದ ಕಟ್ಟಡ 1894ರದು. ರಾಯಾಪೋರ್ತಿ 1906ರದು, ಫಿನ್ಲೆಂಡಿನಲ್ಲಿ ಈಗಲೂ ನಡೆಯುತ್ತಿರುವ ಸಾರ್ವಜನಿಕ ಸೌನಾಗಳಲ್ಲಿ ಇದಕ್ಕಿಂತ ಹಳೆಯದಿಲ್ಲ.

ಮೊದಲು ದೋಗೋ. ಶಿಕೋಕು ದ್ವೀಪದ ಮತ್ಸುಯಾಮಾ ರೈಲು ನಿಲ್ದಾಣದ ಎದುರಿನಿಂದಲೇ ಟ್ರಾಮ್ ಸಿಗುತ್ತದೆ. ಕೊನೆಯ ನಿಲ್ದಾಣದಲ್ಲಿ ಇಳಿದು, ಮೇಲೆ ಚಾವಣಿ ಹೊದಿಸಿದ ಅಂಗಡಿ ಬೀದಿಯೊಳಗೆ ಐದು ನಿಮಿಷ ನಡೆದರೆ ಎದುರಿಗೇ ಕಟ್ಟಡ. ನೆತ್ತಿಯ ಮೇಲೆ ಬಿಳಿ ಬೆಳ್ಳಕ್ಕಿಯ ಪ್ರತಿಮೆ ಕೂತಿದೆ. ಕಾಲಿಗೆ ಗಾಯವಾದ ಬೆಳ್ಳಕ್ಕಿ ಇಲ್ಲಿನ ಬಿಸಿನೀರಿನಲ್ಲಿ ನಿಂತು ವಾಸಿ ಮಾಡಿಕೊಂಡಿತು ಎಂಬುದು ಸ್ಥಳಪುರಾಣ. 2019ರಲ್ಲಿ ಶುರುವಾದ ದುರಸ್ತಿ ಕೆಲಸ ನಡೆಯುತ್ತಿದ್ದಾಗಲೂ ಸ್ನಾನ ಪೂರ್ತಿ ನಿಲ್ಲಲಿಲ್ಲ. 2024ರ ಜುಲೈಯಿಂದ ಇಡೀ ಕಟ್ಟಡ ಮತ್ತೆ ತೆರೆದಿದೆ.

ಟಿಕೆಟ್ ಕೌಂಟರಿನಲ್ಲಿ ಆಯ್ಕೆಗಳ ಪಟ್ಟಿ ನೋಡಿ ತಬ್ಬಿಬ್ಬಾಗುವುದು ಸಹಜ. ಅಲ್ಲಿರುವುದು ಎರಡೇ ಬಗೆಯ ಕೊಳ: ದೊಡ್ಡದು ಕಾಮಿ ನೋ ಯು, ಚಿಕ್ಕದು ತಾಮಾ ನೋ ಯು. ಇವಕ್ಕೆ ಮಹಡಿಯ ಮೇಲಿನ ವಿಶ್ರಾಂತಿ, ಯುಕಾತಾ ಅಂಗಿ, ಚಹಾ ಸೇರುತ್ತಾ ಹೋದಂತೆ ದರ ಏರುತ್ತದೆ. ಅತಿ ಅಗ್ಗದ್ದು ಕಾಮಿ ನೋ ಯು ಸ್ನಾನ ಮಾತ್ರ. ಮೊದಲ ಸಲ ಹೋಗುವವರು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು, ಎಂದರೆ ಎರಡನೇ ಅಂತಸ್ತಿನ ಹಜಾರದಲ್ಲಿ ಕೂರಬಹುದಾದ ಟಿಕೆಟ್ ತೆಗೆದುಕೊಳ್ಳುವುದು ಲೇಸು. ಮಿಂದ ಮೇಲೆ ಹತ್ತು ನಿಮಿಷ ಗಾಳಿಗೆ ಕೂರದಿದ್ದರೆ ಅರ್ಧ ಸುಖ ಅಲ್ಲೇ ಹೋಯಿತು. ಕಾಲಮಿತಿ ಉಂಟು, ಟಿಕೆಟ್ ಕೊಡುವಾಗಲೇ ಕೇಳಿಕೊಳ್ಳಿ.

ಒಳಗಿನ ಕ್ರಮ ಕರ್ನಾಟಕದ ಹಳೇ ಬಚ್ಚಲುಮನೆ ಕಂಡವರಿಗೆ ಹೊಸದಲ್ಲ. ಗಿಡ್ಡ ಸ್ಟೂಲಿನ ಮೇಲೆ ಕೂತು, ಬೋಗುಣಿಯಲ್ಲಿ ನೀರು ಹೊಯ್ದುಕೊಂಡು, ಸೋಪು ಹಚ್ಚಿ, ನೊರೆ ಒಂದಿಷ್ಟೂ ಉಳಿಯದಂತೆ ತೊಳೆದುಕೊಳ್ಳಬೇಕು. ಕೊಳಕ್ಕೆ ಇಳಿಯುವುದು ಆಮೇಲೆ. ಕೊಳವಿರುವುದು ಮೈ ತೊಳೆಯಲು ಅಲ್ಲ, ನೆನೆಯಲು. ನಮ್ಮವರು ಎಡವುವುದು ಮೂರು ಕಡೆ. ನಿಂತುಕೊಂಡು ನೀರು ಹೊಯ್ದುಕೊಳ್ಳುತ್ತಾರೆ, ಪಕ್ಕದವರಿಗೆ ನೊರೆ ಸಿಡಿಯುತ್ತದೆ. ಚಿಕ್ಕ ಟವಲನ್ನು ನೀರಿಗೆ ಅದ್ದುತ್ತಾರೆ. ಅದು ನೀರು ಮುಟ್ಟಬಾರದು, ಮಡಿಸಿ ತಲೆ ಮೇಲಿಟ್ಟುಕೊಂಡರೆ ಆಯಿತು. ಮೂರನೆಯದು ತಲೆಗೆ ಎಣ್ಣೆ. ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸವಿದ್ದರೆ ಹಿಂದಿನ ದಿನವೇ ಶಾಂಪೂ ಹಾಕಿ ತೆಗೆದುಬಿಡಿ, ಇಲ್ಲದಿದ್ದರೆ ಎಲ್ಲರ ನೀರಿನ ಮೇಲೂ ಜಿಡ್ಡು ತೇಲುತ್ತದೆ. ಉದ್ದ ಕೂದಲನ್ನು ಎತ್ತಿ ಕಟ್ಟಿರಬೇಕು.

ಕೊಳದ ನೀರು ಸುಮಾರು 42 ಡಿಗ್ರಿ. ಅಭ್ಯಂಜನದ ಹಂಡೆ ನೀರಿಗೆ ಪಳಗಿದವರು ಇದೇನು ಮಹಾ ಎಂದುಕೊಳ್ಳುತ್ತಾರೆ. ಆದರೆ ಚೊಂಬಿನಲ್ಲಿ ಹೊಯ್ದುಕೊಂಡ ನೀರು ಹರಿದು ಹೋಗುತ್ತದೆ. ಕುತ್ತಿಗೆಯವರೆಗೆ ಮುಳುಗಿ ಕೂತಾಗ ಬೆವರು ಆರಲು ದಾರಿಯೇ ಇಲ್ಲದೆ ಮೈಯೊಳಗಿನ ಬಿಸಿ ಏರುತ್ತಲೇ ಇರುತ್ತದೆ. ರಕ್ತನಾಳಗಳು ಹಿಗ್ಗಿರುತ್ತವೆ, ಥಟ್ಟನೆ ಎದ್ದು ನಿಂತರೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲಿಡುತ್ತದೆ. ಹೀಗೆ ತಲೆಗೇರುವುದಕ್ಕೆ ಜಪಾನೀಯರು ‘ನೊಬೊಸೆ’ ಎನ್ನುತ್ತಾರೆ. ಐದು ನಿಮಿಷ ಕೂರಿ, ಅಂಚಿಗೆ ಬಂದು ಕಾಲು ಮಾತ್ರ ಇಳಿಬಿಡಿ, ಬೇಕಿದ್ದರೆ ಮತ್ತೆ ಇಳಿಯಿರಿ. ತುಂಬಿದ ಹೊಟ್ಟೆಯಲ್ಲೋ ‘ಸಾಕೆ’ ಎಂಬ ಅಕ್ಕಿ ಮದ್ಯ ಕುಡಿದೋ ಹೋಗಬೇಡಿ. ಬಟ್ಟೆ ಬದಲಿಸುವ ಕೋಣೆಗೆ ಮರಳುವ ಮುಂಚೆ ಟವಲು ಹಿಂಡಿ ಮೈ ಒರೆಸಿಕೊಳ್ಳಿ. ಅಲ್ಲಿನ ನೆಲ ಒದ್ದೆ ಮಾಡುವುದು ತಪ್ಪು. ಫೋನು ಲಾಕರಿನಲ್ಲೇ ಇರಲಿ.

ಕೊರತೆಯೂ ಇದೆ. ಹೊನ್‌ಕಾನ್‌ನಲ್ಲಿ ಬಯಲು ಕೊಳವಿಲ್ಲ, ಸಂಜೆ ಹೊತ್ತು ಜನಜಂಗುಳಿ. ಬೆಳಿಗ್ಗೆ ಆರಕ್ಕೆ, ಮೇಲಿನ ಗೋಪುರದಲ್ಲಿ ನಗಾರಿ ಬಾರಿಸಿ ಬಾಗಿಲು ತೆರೆಯುವ ಹೊತ್ತಿಗೆ ಹೋಗುವುದು ಮೇಲು. ಆಕಾಶ ನೋಡುತ್ತಾ ಮೀಯುವ ಆಸೆಯಿದ್ದರೆ 2017ರಲ್ಲಿ ಹತ್ತಿರದಲ್ಲೇ ಕಟ್ಟಿದ ಆಸುಕಾ ನೋ ಯು ಇದೆ. ಆದರೆ ಮರದ ಮೆಟ್ಟಿಲಿನ ಕಿರುಗುಟ್ಟುವಿಕೆ, ಕಡೆದ ಕಲ್ಲಿನ ಕೊಳ, ನೀರು ಸುರಿಯುವ ಕಲ್ಲಿನ ದೊಡ್ಡ ಬಾಯಿ ಅಲ್ಲಿಲ್ಲ.

ಜಪಾನಿನಲ್ಲಿ ಎಲ್ಲರೂ ಹಂಚಿಕೊಳ್ಳುವುದು ನೀರನ್ನು, ಫಿನ್ಲೆಂಡಿನಲ್ಲಿ ಬಿಸಿಯನ್ನು. ಇದೊಂದು ನೆನಪಿದ್ದರೆ ಅರ್ಧ ನಿಯಮಗಳು ತಾವಾಗಿಯೇ ಹೊಳೆಯುತ್ತವೆ.

ರಾಯಾಪೋರ್ತಿ ಇರುವುದು ತಾಂಪೆರೆಯ ಪಿಸ್ಪಲಾ ಬಡಾವಣೆಯಲ್ಲಿ, ಎರಡು ಸರೋವರಗಳ ನಡುವಿನ ದಿಬ್ಬದ ಮೇಲೆ. ಹೆಲ್ಸಿಂಕಿಯಿಂದ ತಾಂಪೆರೆಗೆ ರೈಲಿನಲ್ಲಿ ಎರಡು ಗಂಟೆಯೊಳಗೆ ಬರಬಹುದು, ಅಲ್ಲಿಂದ ಸಿಟಿ ಬಸ್ಸು. ಸ್ಥಳೀಯ ಸೌನಾ ಸಂಘವೇ ಇದನ್ನು ನಡೆಸುತ್ತದೆ. ವಾರದ ಎಲ್ಲ ದಿನ ತೆರೆದಿರುವುದಿಲ್ಲ, ಹೊರಡುವ ಮುಂಚೆ ವೇಳಾಪಟ್ಟಿ ನೋಡಿಕೊಳ್ಳಲೇಬೇಕು. ಥಳಕು ಬಳುಕು ಏನೂ ಇಲ್ಲ: ಅಂಗಳ, ಬೆಂಚು, ಕೆಫೆ, ಒಳಗೆ ಹೊಗೆಮಸಿ ಹಿಡಿದ ಗೋಡೆ.

ಇಲ್ಲಿನ ಜೀವಾಳ ಒಲೆ, ಅವರ ಮಾತಿನಲ್ಲಿ ‘ಕಿಯುವಾಸ್’. ದಿನಕ್ಕೆ ಒಂದೇ ಸಲ ಸೌದೆ ಉರಿಸುವ ಜಾತಿಯದು. ಬೆಂಕಿ ಕಲ್ಲುರಾಶಿಯ ಒಳಗಿಂದಲೇ ಹಾದು ಅದನ್ನು ಕೆಂಡವಾಗುವಷ್ಟು ಕಾಯಿಸುತ್ತದೆ. ಬೆಂಕಿ ಪೂರ್ತಿ ಆರಿ ಹೊಗೆ ಹೋದ ಮೇಲಷ್ಟೇ ಜನರನ್ನು ಬಿಡುತ್ತಾರೆ. ಹೀಗೆ ಕಾದ ಕಲ್ಲಿನ ಮೇಲೆ ನೀರು ಹಾಕಿದಾಗ ಏಳುವ ಉಗಿಯೇ ‘ಲೊಯ್ಲು’. ವಿದ್ಯುತ್ ಒಲೆಯ ಹೋಟೆಲ್ ಸೌನಾದಲ್ಲಿ ಗಾಳಿ ಒಣಗಿ ಮೂಗು ಉರಿಯುತ್ತದೆ. ಇಲ್ಲಿ ಹಾಗಲ್ಲ, ಉಗಿ ಮೆತ್ತಗೆ ಹೆಗಲ ಮೇಲೆ ಬಂದು ಕೂರುತ್ತದೆ. ಉಗಿ ಎದ್ದಾಗ ಥಟ್ಟನೆ ಸೆಕೆ ಏರಿದಂತೆ ಅನಿಸಲು ಕಾರಣ ಗಾಳಿ ಬಿಸಿಯಾದದ್ದಲ್ಲ. ಆವಿ ತಂಪಾದ ಚರ್ಮದ ಮೇಲೆ ಹನಿಗಟ್ಟುವಾಗ ತನ್ನ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ.

ಮೊದಲು ಮೈ ತೊಳೆದುಕೊಳ್ಳಬೇಕು. ಬಕೆಟ್ಟಿನಲ್ಲಿ ಬಿಸಿನೀರಿಗೆ ತಣ್ಣೀರು ಬೆರೆಸಿ ಹೊಯ್ದುಕೊಳ್ಳುವ ಪದ್ಧತಿ, ನಮಗೆ ಯಾರೂ ಕಲಿಸಬೇಕಿಲ್ಲ. ಕೂರುವಾಗ ಅಡಿಗೆ ಚಿಕ್ಕ ಟವಲು ಹಾಸುವುದು ಶುಚಿಗೂ ಹೌದು, ಮರದ ಹಲಗೆ ಮೈ ಸುಡದಿರಲಿಕ್ಕೂ ಹೌದು. ಬಿಸಿ ಮೇಲೇರುವುದರಿಂದ ಹೊಸಬರು ಕೆಳಗಿನ ಮೆಟ್ಟಿಲಲ್ಲಿ ಕೂತರೆ ಸಾಕು. ನೀರು ಹಾಕುವ ಮುಂಚೆ ಕೂತವರನ್ನೊಮ್ಮೆ ಕೇಳಿ. ಸೆಕೆ ತಡೆಯಲಾಗದಿದ್ದರೆ ‘ಸಾಕು ನಿಲ್ಲಿಸಿ’ ಎನ್ನುವುದಲ್ಲ, ಎದ್ದು ಹೊರಗೆ ಹೋಗುವುದು. ಅದರಲ್ಲಿ ಸೋಲೂ ಇಲ್ಲ, ಅವಮಾನವೂ ಇಲ್ಲ. ಬಾಗಿಲನ್ನು ಮಾತ್ರ ಬೇಗ ಮುಚ್ಚಿ, ಹೊರಗೆ ಹೋಗುವ ಬಿಸಿ ಎಲ್ಲರದೂ.

ಹತ್ತು ನಿಮಿಷ ಒಳಗೆ, ಆಮೇಲೆ ಟವಲು ಸುತ್ತಿಕೊಂಡು ಅಂಗಳದಲ್ಲಿ. ಚಳಿಗಾಲದಲ್ಲಿ ಮೈಯಿಂದ ಹಬೆ ಏಳುತ್ತಿರುವ ಜನ ಬೆಂಚಿನ ಮೇಲೆ ಕೂತು ಹರಟುವ ನೋಟ ಇಲ್ಲಿನ ನಿಜವಾದ ಆಕರ್ಷಣೆ. ಮಿತಭಾಷಿಗಳೆಂದು ಹೆಸರಾದ ಫಿನ್ನರು ಇಲ್ಲಿ ಮಾತಾಡುತ್ತಾರೆ! ನೀರು ಕುಡಿಯಿರಿ, ಮತ್ತೆ ಒಳಗೆ. ಎರಡು ಮೂರು ಸುತ್ತು ಸಾಕು. ಸರೋವರಕ್ಕೆ ಧುಮುಕುವ ಆಸೆ ಇಟ್ಟುಕೊಂಡು ಬಂದರೆ ನಿರಾಸೆ ಖಂಡಿತ, ಪಕ್ಕದಲ್ಲಿ ನೀರಿಲ್ಲ. ಅದಕ್ಕೆ ಅದೇ ಊರಿನ ರೌಹಾನಿಯೆಮಿಗೆ ಹೋಗಬೇಕು. ಅಲ್ಲಿ ಗಂಡು ಹೆಣ್ಣು ಒಟ್ಟಿಗೆ, ಈಜುಡುಪು ಕಡ್ಡಾಯ, ಚಳಿಗಾಲದಲ್ಲಿ ಹಿಮ ಕೊರೆದ ಕಿಂಡಿಯಲ್ಲಿ ಮುಳುಗು. ಬಟ್ಟೆ ಬಿಚ್ಚಲಾಗದವರಿಗೆ ಹೇಳುತ್ತೇವೆಂದ ದಾರಿ ಇದೇ. ಹೆಲ್ಸಿಂಕಿಯನ್ನು ದಾಟುವ ಸಮಯವಿಲ್ಲದಿದ್ದರೆ 2016ರಲ್ಲಿ ಕಡಲಂಚಿಗೆ ಕಟ್ಟಿದ ಲೊಯ್ಲು ಎಂಬ ಸೌನಾದಲ್ಲೂ ಈಜುಡುಪೇ. ಕಟ್ಟಡ ಬಲು ಚೆಂದ, ದರ ದುಬಾರಿ, ಪ್ರವಾಸಿಗರೇ ಹೆಚ್ಚು.

ಒಡವೆಯ ವಿಷಯವನ್ನು ಯಾವ ಫಲಕವೂ ಕನ್ನಡದವರಿಗಾಗಿ ಬರೆದಿರುವುದಿಲ್ಲ. ಸೌನಾಗೆ ತಾಳಿ, ಸರ, ಓಲೆ, ಉಂಗುರ ಹಾಕಿಕೊಂಡು ಹೋದರೆ ಲೋಹ ಕಾದು ಚರ್ಮ ಸುಡುತ್ತದೆ, ಲೋಹದ ಚೌಕಟ್ಟಿನ ಕನ್ನಡಕವೂ ಅಷ್ಟೇ. ದೋಗೋದ ನೀರು ಸೌಮ್ಯ ಕ್ಷಾರ ಗುಣದ್ದು. ಆದರೆ ಕುಸಾತ್ಸುವಿನಂಥ ಗಂಧಕದ ಬುಗ್ಗೆಗಳಲ್ಲಿ ಬೆಳ್ಳಿ ಕಾಲುಂಗುರ, ಉಡಿದಾರ ನಿಮಿಷಗಳಲ್ಲಿ ಕಪ್ಪಾಗುತ್ತವೆ.

ಮಿಂದ ಮೇಲೆ ಹಸಿವು ಜೋರು. ದೋಗೋ ಬೀದಿಯಲ್ಲಿ ಕಡ್ಡಿಗೆ ಪೋಣಿಸಿದ ಮೂರು ಬಣ್ಣದ ದಾಂಗೋ ಉಂಡೆ ಸಿಗುತ್ತದೆ. ಹಳದಿ ಉಂಡೆಗೆ ಮೊಟ್ಟೆ ಬಳಸುತ್ತಾರೆ, ಮೊಟ್ಟೆ ತಿನ್ನದವರು ಹಸಿರು, ಕಂದು ತಿನ್ನಲಿ. ತಾಂಪೆರೆಯವರು ಹೆಮ್ಮೆಯಿಂದ ಮುಂದಿಡುವ ‘ಮುಸ್ತಾಮಕ್ಕಾರಾ’ ರಕ್ತ ಸೇರಿಸಿ ಮಾಡಿದ ಸಾಸೇಜು. ಸಸ್ಯಾಹಾರಿಗಳು ಬಣ್ಣ ನೋಡಿ ಮೋಸಹೋಗುವುದು ಬೇಡ. ರೈ ಹಿಟ್ಟಿನ ತೆಳು ಹಾಳೆಯಲ್ಲಿ ಅನ್ನದ ಗಂಜಿ ತುಂಬಿ ಬೇಯಿಸಿದ ಕರೇಲಿಯದ ಪೀರಕ್ಕಾ ಕೇಳಿ. ಅದರ ಮೇಲೆ ಹಚ್ಚುವ ಬೆಣ್ಣೆಯಲ್ಲಿ ಮೊಟ್ಟೆ ಬೆರೆತಿರುತ್ತದೆ, ಬೇಡವಾದರೆ ಮೊದಲೇ ಹೇಳಬೇಕು.