ನೂರು ಮಾರಿಗೆ ಗುಂಡು ಸಾಯುವುದಿಲ್ಲ

ಮನೆಯಲ್ಲಿ ಕೇಪಿನ ಕೋವಿ ಇಟ್ಟುಕೊಂಡಿರುವ ಮಲೆನಾಡಿನವರು ದಯವಿಟ್ಟು ಇದನ್ನು ಓದಿ. "ಬಾಯಿಂದ ಮದ್ದು ತುಂಬುವ ಹಳೆಯ ಕೋವಿ, ಅದರ ಗುಂಡು ನೂರು ಮಾರು ಹೋಗುವಷ್ಟರಲ್ಲಿ ಸತ್ತುಹೋಗುತ್ತದೆ" ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ, ನಂಬಿದ್ದೆ, ಬೇರೆಯವರಿಗೂ ಹೇಳಿದ್ದೆ. ಆ ನಂಬಿಕೆ ಹೋದ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಒಂದು ಜೀವವನ್ನು ತೆಗೆಯುವುದರಲ್ಲಿತ್ತು.

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮನೆ ಗುಡ್ಡದ ಓರೆಯಲ್ಲಿದೆ, ಕೆಳಗೆ ತೋಟ, ಅದರಾಚೆ ಗದ್ದೆ. ಗದ್ದೆಯ ಆಚೆ ದಡದ ಏರಿನಲ್ಲಿ ಹೆಚ್ಚುಕಡಿಮೆ ನಮ್ಮ ಅಂಗಳದ ಮಟ್ಟಕ್ಕೇ ಇನ್ನೊಂದು ಮನೆ. ಕೋವಿ ಅಜ್ಜನ ಕಾಲದ್ದು, ಬೆಳೆ ರಕ್ಷಣೆಯ ಪರವಾನಗಿ ಇದೆ. ಚುನಾವಣೆಗೆಂದು ಠಾಣೆಗೆ ಒಪ್ಪಿಸಿ ಮರಳಿ ತಂದ ಮೇಲೆ ಅದನ್ನು ಮುಟ್ಟಿಯೇ ಇರಲಿಲ್ಲ. ಮಂಗಗಳ ಹಿಂಡು ತೋಟಕ್ಕೆ ಇಳಿದ ದಿನ, ಹೆದರಿಸಿ ಓಡಿಸೋಣವೆಂದು ಹೊರಗೆ ತೆಗೆದೆ.

ಬರಿಯ ಮದ್ದಿನ ಈಡು ಹೊಡೆಯುವುದು ನನ್ನ ರೂಢಿ. ಅಂದು ಜೊತೆಯಲ್ಲಿದ್ದ ಭಾವ, "ಗುಂಡಿಲ್ಲದಿದ್ದರೆ ಸದ್ದು ಎಲ್ಲಿ ಬರುತ್ತದೆ? ಒಂದು ಹಾಕು, ಮರದ ಮೇಲಿಂದ ಹೋಗಲಿ" ಎಂದರು. ಸದ್ದಿನ ವಿಷಯದಲ್ಲಿ ಅವರ ಮಾತು ನಿಜ. ಮುಂದೆ ಗುಂಡಿನ ಒತ್ತು ಇದ್ದರೆ ನಳಿಗೆಯೊಳಗೆ ಮದ್ದು ಗಟ್ಟಿಯಾಗಿ ಉರಿದು ಸದ್ದು ಜೋರಾಗುತ್ತದೆ. ನಾನು ಒಪ್ಪಿದೆ. ತಪ್ಪು ಭಾವನದಲ್ಲ, ಕುದುರೆ ಎಳೆದ ನನ್ನದು. ಅಡಿಕೆ ಮರದ ತಲೆಯ ಮೇಲಿನ ಬಿಳಿ ಆಕಾಶಕ್ಕೆ ಗುರಿಯಿಟ್ಟು ಹೊಡೆದೆ. ಮಂಗಗಳು ಓಡಿದವು.

ಸ್ವಲ್ಪ ಹೊತ್ತಿಗೆ ಆಚೆ ದಡದಿಂದ ಕೂಗು ಕೇಳಿತು. ಗದ್ದೆ ದಾಟಿ ಓಡಿದೆ. ಆ ಮನೆಯ ಅಕ್ಕ ಕೊಟ್ಟಿಗೆಯ ಬಾಗಿಲಿನಲ್ಲಿ ನಡುಗುತ್ತಾ ನಿಂತಿದ್ದರು. ಮಾಡಿನ ಹೆಂಚು ತೂತಾಗಿ, ಅವರು ಹಾಲು ಕರೆಯಲು ಕುಳಿತಿದ್ದ ಜಾಗಕ್ಕೆ ಎರಡು ಗೇಣು ದೂರದ ಕಂಬದಲ್ಲಿ ನನ್ನ ಸೀಸದ ಗುಂಡು ನೆಟ್ಟಿತ್ತು. "ಈಡಿನ ಸದ್ದು ಕೇಳಿತು ತಮ್ಮಾ, ಏನೆಂದು ತಲೆ ಎತ್ತಿದೆ, ಆಮೇಲೆ ಹೆಂಚು ಒಡೆಯಿತು" ಎಂದರು.

ಆ "ಆಮೇಲೆ" ಎಂಬ ಮಾತು ನನ್ನನ್ನು ಎಷ್ಟೋ ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ. ಗುಂಡು ಸದ್ದಿಗಿಂತ ಮುಂಚೆ ಬರಬೇಕಲ್ಲವೇ? ಶಿವಮೊಗ್ಗದಲ್ಲಿ ಭೌತಶಾಸ್ತ್ರ ಓದುತ್ತಿರುವ ನನ್ನ ಸ್ವಂತ ಅಕ್ಕನ ಮಗಳು ದೀಪಾವಳಿಗೆ ಬಂದಾಗ ಇಬ್ಬರೂ ಹಗ್ಗ ಹಿಡಿದು ಅಳೆದೆವು. ಅಂಗಳದಿಂದ ಕೊಟ್ಟಿಗೆಗೆ ಸುಮಾರು 400 ಮೀಟರ್. ಗುಂಡಿನ ತೂಕ 32 ಗ್ರಾಂ. ಇಂಥ ಕೋವಿಯ ಬಾಯಿಂದ ಗುಂಡು ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಹೊರಟಿತೆಂದು ಹಿಡಿದು ಅವಳು ಲೆಕ್ಕ ಹಾಕಿದಳು. ಅಂದಾಜೇ ಹೌದು, ಆದರೆ ಆ ಲೆಕ್ಕ ಆಚೆ ಮನೆಯ ಅಕ್ಕನ ಮಾತಿಗೆ ಸರಿಯಾಗಿ ಕೂಡಿಬಂತು.

ಉರುಟು ಗುಂಡಿಗೆ ಗಾಳಿಯ ತಡೆ ಹೆಚ್ಚು. ಅದರಲ್ಲೂ ಶಬ್ದದ ವೇಗಕ್ಕಿಂತ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರಿಗಿಂತ ಮೇಲಿರುವಾಗ ತಡೆ ವಿಪರೀತ. ಆದ್ದರಿಂದ ಮೊದಲ 100 ಮೀಟರಿನಲ್ಲೇ ವೇಗ 290ಕ್ಕೆ ಇಳಿಯುತ್ತದೆ. ಶಕ್ತಿಯೆಂಬುದು ವೇಗದ ವರ್ಗದಂತೆ ಇಳಿಯುವುದರಿಂದ 2,560 ಜೌಲ್ ಇದ್ದದ್ದು 1,350ರ ಆಸುಪಾಸಿಗೆ ಬರುತ್ತದೆ, ಹತ್ತಿರ ಹತ್ತಿರ ಅರ್ಧ. ನಮ್ಮ ಹಿರಿಯರು ಕಂಡದ್ದು ಇದನ್ನೇ. ಆದರೆ ಶಬ್ದದ ವೇಗಕ್ಕಿಂತ ಕೆಳಗಿಳಿದ ಮೇಲೆ ಗಾಳಿಯ ಹಿಡಿತ ಸಡಿಲವಾಗುತ್ತದೆ. ಉಳಿದ ವೇಗ ನಿಧಾನವಾಗಿ ಕರಗುತ್ತದೆ. 400 ಮೀಟರಿನಲ್ಲೂ ಸೆಕೆಂಡಿಗೆ 150 ಮೀಟರ್ ವೇಗ, 360 ಜೌಲ್ ಶಕ್ತಿ ಉಳಿದಿರುತ್ತದೆ. ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಎಸೆದ ಕ್ರಿಕೆಟ್ ಚೆಂಡಿನಲ್ಲಿ ಇರುವುದು 120 ಜೌಲ್. ಅದರ ಮೂರರಷ್ಟು, ಒಂದು ನಾಣ್ಯದಗಲದ ಜಾಗದ ಮೇಲೆ. ತಲೆಗೆ ಬಿದ್ದಿದ್ದರೆ?

ಆ ದೂರಕ್ಕೆ ಸದ್ದು 1.2 ಸೆಕೆಂಡಿನಲ್ಲಿ ತಲುಪಿತ್ತು, ಗುಂಡಿಗೆ 1.8 ಸೆಕೆಂಡು ಹಿಡಿದಿತ್ತು. ಅಕ್ಕ ತಲೆ ಎತ್ತಿದ್ದು ಆ ನಡುವಿನ ಅರ್ಧ ಸೆಕೆಂಡಿನಲ್ಲಿ.

ಇನ್ನೊಂದು ಸಂಗತಿಯನ್ನು ಯಾರೂ ಗಮನಿಸುವುದಿಲ್ಲ. ಮಟ್ಟಸವಾಗಿ ಹೊಡೆದ ಗುಂಡು 100 ಮೀಟರಿಗೆ ಒಂದೂವರೆ ಅಡಿಯಷ್ಟೇ ಕೆಳಗಿಳಿಯುತ್ತದೆ, 400 ಮೀಟರಿಗೆ ಹತ್ತು ಹನ್ನೆರಡು ಮೀಟರ್. ಬಯಲುಸೀಮೆಯಲ್ಲಾದರೆ ಅದು ಅಷ್ಟರೊಳಗೆ ನೆಲಕ್ಕೆ ಬಿದ್ದಿರುತ್ತದೆ. ನಮ್ಮಲ್ಲಿ ಎರಡು ಗುಡ್ಡಗಳ ನಡುವೆ ನೆಲವೇ ಕೆಳಗೆ ಸರಿದುಹೋಗಿರುತ್ತದೆ. ಬೀಳಲು ಗುಂಡಿಗೆ ಜಾಗವೇ ಸಿಗುವುದಿಲ್ಲ. ನಾನು ಗುರಿಯಿಟ್ಟ ಮರದ ತಲೆ 60 ಮೀಟರ್ ದೂರದಲ್ಲಿ ನನ್ನ ಕಣ್ಣಿಗಿಂತ ಎಂಟು ಅಡಿ ಮಾತ್ರ ಎತ್ತರವಿತ್ತು. ಅಷ್ಟು ಓರೆಯೇ ಗುಂಡನ್ನು ಆಚೆ ಮನೆಯ ಮಾಡಿಗೆ ಮುಟ್ಟಿಸಲು ಸಾಕಾಯಿತು. ಇನ್ನೂ ಮೇಲಕ್ಕೆ ಎತ್ತಿದ್ದರೆ ಗುಡ್ಡದಾಚೆಯ ಊರಿಗೆ ಹೋಗುತ್ತಿತ್ತೇನೋ. ನೀರು ನಿಂತ ಗದ್ದೆಯನ್ನೂ ನಂಬಬೇಡಿ, ಓರೆಯಾಗಿ ಬಿದ್ದ ಉರುಟು ಗುಂಡು ನೀರಿನ ಮೇಲಿಂದ ಪುಟಿಯುತ್ತದೆ. ಮದ್ದು ಥಂಡಿ ಹಿಡಿದಿದೆಯೆಂದು ಹೆಚ್ಚು ತುಂಬುವವರೂ ಇದ್ದಾರೆ. ಹಳೆಯ ನಳಿಗೆ ಸೀಳಿದರೆ ಹೋಗುವುದು ನಿಮ್ಮದೇ ಕೈ.

ಮರುದಿನ ಠಾಣೆಗೆ ಹೋಗಿ ನಡೆದದ್ದನ್ನೆಲ್ಲ ಬರೆದುಕೊಟ್ಟು ಕೋವಿಯನ್ನು ಒಪ್ಪಿಸಿದೆ. ಮಂಗಗಳಿಗೆ ಈಗ ಪಟಾಕಿ, ತಗಡಿನ ಡಬ್ಬ. ಹಿಂದೆ ಮಣ್ಣಿನ ದರೆ ಕಾಣಿಸದ ದಿಕ್ಕಿಗೆ, ಬರಿಯ ಆಕಾಶಕ್ಕೆ, ಯಾರೂ ಗುಂಡು ತುಂಬಿ ಹೊಡೆಯಬೇಡಿ. ಸದ್ದಿಗಾಗಿಯಂತೂ ಬೇಡವೇ ಬೇಡ.

ಅಕ್ಕ ದೂರು ಕೊಡಲಿಲ್ಲ, ಬಾಯಿಬಿಟ್ಟು ಬೈಯಲೂ ಇಲ್ಲ. ಒಡೆದ ಹೆಂಚಿನ ಜಾಗಕ್ಕೆ ನಾನೇ ಏಣಿ ಇಟ್ಟು ಹೊಸದನ್ನು ಹೊದಿಸಿದೆ. ಪಾಚಿಗಟ್ಟಿದ ಮಾಡಿನ ನಡುವೆ ಅದೊಂದು ಮಾತ್ರ ಕೆಂಪಗಿದೆ, ಬಿಸಿಲು ಬಿದ್ದಾಗ ನಮ್ಮ ಅಂಗಳಕ್ಕೂ ಚುಕ್ಕಿಯಂತೆ ಕಾಣುತ್ತದೆ.