ಬೆಹೆಂಟ್ರಿಮೋನಿಯಂ ಕ್ಲೋರೈಡ್ ಇರುವ ಕಂಡಿಷನರ್: ದೀರ್ಘ ಬಳಕೆಯ ನಂತರದ ವಿಮರ್ಶೆ

ಬಾಚಣಿಗೆ ಇಟ್ಟ ಕೂಡಲೇ ಸ್ಥಿರ ವಿದ್ಯುತ್ತಿನಿಂದ ಕೂದಲು ಹಾರಾಡುವ ತೊಂದರೆಗೆ ಈ ಬಗೆಯ ಕಂಡಿಷನರ್ ಖಂಡಿತ ಕೆಲಸ ಮಾಡುತ್ತದೆ. 5ಕ್ಕೆ 4 ಅಂಕ. ತೆಳುವಾದ, ಬೇಗ ಜಿಡ್ಡಾಗುವ ಕೂದಲಿಗೆ ಭಾರವಾಗುತ್ತದೆ ಎಂಬುದಕ್ಕೆ ಒಂದು ಅಂಕ ಕಡಿತ.

ಕೊಳ್ಳುವಾಗ ಬಾಟಲಿಯ ಮುಂಭಾಗದ 'ಸಿಲ್ಕಿ ಸ್ಮೂತ್' ಬಿಟ್ಟು ಹಿಂಬದಿಯ ಪದಾರ್ಥಗಳ ಪಟ್ಟಿ ಓದಿ. ಬೆಹೆಂಟ್ರಿಮೋನಿಯಂ ಕ್ಲೋರೈಡ್ ಅಥವಾ ಮೀಥೋಸಲ್ಫೇಟ್, ಇಲ್ಲವೇ ಸೆಟ್ರಿಮೋನಿಯಂ ಕ್ಲೋರೈಡ್, ಅಂದರೆ ಕೂದಲಿಗೆ ಅಂಟುವ ಧನ ಚಾರ್ಜಿನ ವಸ್ತು, ಸುಗಂಧಕ್ಕಿಂತ ಮೇಲೆ ಇರಬೇಕು. ಜೊತೆಗೆ ಸೀಟೈಲ್ ಅಥವಾ ಸೀಟಿಯರಿಲ್ ಆಲ್ಕೋಹಾಲ್ ಇರುತ್ತದೆ. ಹೆಸರು ನೋಡಿ ಹೆದರಬೇಡಿ, ಅದು ಮೇಣದಂಥ ವಸ್ತು, ಕೂದಲನ್ನು ಒಣಗಿಸುವುದಿಲ್ಲ. ಕ್ರೀಮಿನ ದಪ್ಪ ಬರುವುದೇ ಇವೆರಡೂ ಸೇರಿದಾಗ.

'ಕೂದಲಿನ ಋಣ ಚಾರ್ಜನ್ನು ಇದರ ಧನ ಚಾರ್ಜ್ ಅಳಿಸುತ್ತದೆ' ಎಂಬ ವಿವರಣೆ ಎಲ್ಲೆಡೆ ಕಾಣುತ್ತದೆ. ಅದು ಅರ್ಧ ಸತ್ಯ. ಪಿಎಚ್ ಸುಮಾರು 3.7 ದಾಟಿದ ನೀರಿನಲ್ಲಿ ಕೂದಲಿನ ಮೈ ಋಣವಾಗಿರುತ್ತದೆ, ಆದ್ದರಿಂದ ಧನ ತುದಿಯಿರುವ ಈ ಅಣುಗಳು ಅಲ್ಲಿ ಅಂಟಿಕೊಳ್ಳುತ್ತವೆ. ಆದರೆ ಒಣಗಿದ ಮೇಲೆ ಪ್ಲಾಸ್ಟಿಕ್ ಬಾಚಣಿಗೆ ಉಜ್ಜಿದಾಗ ಕೂದಲು ಸಾಮಾನ್ಯವಾಗಿ ಧನವಾಗುತ್ತದೆ! ಹಾಗಾದರೆ ಉಪಯೋಗ ಎಲ್ಲಿಂದ? ಅಣುವಿನ ಕೊಬ್ಬಿನ ಬಾಲ ಹೊರಮುಖವಾಗಿ ನಿಂತು ಉಜ್ಜಾಟ ತಗ್ಗಿಸುತ್ತದೆ, ಚಾರ್ಜ್ ಹುಟ್ಟುವುದೇ ಕಡಿಮೆ. ಜೊತೆಗೆ ಆ ಪದರ ಸ್ವಲ್ಪ ತೇವ ಹಿಡಿದಿಟ್ಟುಕೊಂಡು, ಹುಟ್ಟಿದ ಚಾರ್ಜ್ ಸೋರಿಹೋಗಲು ದಾರಿ ಮಾಡುತ್ತದೆ. ಬೆಹೆಂಟ್ರಿಮೋನಿಯಂನ ಬಾಲದಲ್ಲಿ 22 ಕಾರ್ಬನ್, ಸೆಟ್ರಿಮೋನಿಯಂನಲ್ಲಿ 16. ಉದ್ದ ಬಾಲದ್ದು ಹೆಚ್ಚು ಜಾರಿಕೆ ಕೊಡುತ್ತದೆ, ತೆಳು ಕೂದಲಿಗೆ ಎರಡನೆಯದೇ ಹಗುರ. ಬ್ಲೀಚ್ ಮಾಡಿದ ಕೂದಲು ಹೆಚ್ಚು ಋಣವಾಗಿರುವುದರಿಂದ ಹೆಚ್ಚು ಹೀರುತ್ತದೆ, ಫಲವೂ ಅಲ್ಲೇ ಎದ್ದು ಕಾಣುತ್ತದೆ.

ಬಳಕೆ ಹೀಗೆ: ಶಾಂಪೂ ಪೂರ್ತಿ ತೊಳೆದು, ನೀರು ಹಿಂಡಿ, ಭುಜದುದ್ದದ ಕೂದಲಿಗೆ ಎರಡು ಟೀ ಚಮಚ. ನಡುವಿನಿಂದ ತುದಿಗೆ ಹಚ್ಚಿ, ಬುಡಕ್ಕೆ ಬೇಡ. ಅಗಲ ಹಲ್ಲಿನ ಬಾಚಣಿಗೆಯಲ್ಲಿ ಸಿಕ್ಕು ಬಿಡಿಸಿ, 2–3 ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ತೊಳೆದರೆ ಎಲ್ಲಾ ಹೋಗುತ್ತದೆಂಬ ಭಯ ಬೇಡ, ಅಂಟಿಕೊಂಡದ್ದು ಉಳಿಯುತ್ತದೆ. ಕಣ್ಣಿಗೆ ತಾಗಿದರೆ ಉರಿ ಜೋರು.

ಸಮಯ ಉಳಿಸಲು ಶಾಂಪೂವಿಗೇ ಕಂಡಿಷನರ್ ಬೆರೆಸುವವರಿದ್ದಾರೆ. ಶಾಂಪೂವಿನಲ್ಲಿ ಕೊಳೆ ತೆಗೆಯುವ ಸಲ್ಫೇಟ್ ಋಣ, ಕಂಡಿಷನರ್ ಧನ. ಎರಡೂ ಜೋಡಿಯಾಗಿ ಬಿಳಿ ಜಿಗುಟಾಗುತ್ತದೆ, ಕೂದಲಿಗೂ ದಕ್ಕದು, ಕೊಳೆಯೂ ಹೋಗದು. 'ಟೂ ಇನ್ ಒನ್' ಶಾಂಪೂಗಳ ಲೆಕ್ಕ ಬೇರೆ: ಅವುಗಳಲ್ಲಿರುವ ಪಾಲಿಕ್ವಾಟರ್ನಿಯಂ-10 ಎಂಬ ಧನ ಚಾರ್ಜಿನ ಉದ್ದ ಸರಪಳಿಯ ವಸ್ತು ಅಥವಾ ಗೋರಿಕಾಯಿ ಬೀಜದ ಗೋಂದಿನ ಧನ ರೂಪ, ತೊಳೆಯುವಾಗ ನೀರು ಹೆಚ್ಚಾದಂತೆ ಬೇರ್ಪಟ್ಟು ಕೂದಲಿಗೆ ಕೂರುತ್ತದೆ.

ಮಂಗಳೂರು ಕಡೆಯ ಸೆಕೆಯಲ್ಲಿ ಕೂದಲು ಉಬ್ಬುವುದಕ್ಕೆ ಸ್ಥಿರ ವಿದ್ಯುತ್ತನ್ನು ದೂರುವುದು ತಪ್ಪು, ಅದು ತೇವದಿಂದ ಆಗುವುದು. ವ್ಯತ್ಯಾಸ ತಿಳಿಯಲು ಒದ್ದೆ ಕೈ ಸವರಿ. ಹಾರಾಡುವ ಎಳೆಗಳು ಥಟ್ಟನೆ ಕುಳಿತರೆ ಚಾರ್ಜ್. ಕಲಬುರಗಿ, ಬೀದರ್‌ನ ಒಣ ಚಳಿಯಲ್ಲಿ, ಎಸಿ ಕಚೇರಿಯಲ್ಲಿ, ಹೆಲ್ಮೆಟ್ ತೆಗೆದಾಗ ಕಾಡುವುದು ಇದೇ. ಅಲ್ಲಿ ಬರೀ ಸಿಲಿಕೋನ್ ಸೀರಮ್ ಸಾಲದು: ಅದರಲ್ಲಿರುವ ಡೈಮೆಥಿಕೋನ್ ಎಂಬ ಸಿಲಿಕೋನ್ ಜಾರಿಕೆ ಕೊಟ್ಟರೂ ಚಾರ್ಜ್ ಹರಿಯಲು ಬಿಡುವುದಿಲ್ಲ. ಕಂಡಿಷನರ್ ಮೇಲೆ ಎರಡು ಹನಿ ಸೀರಮ್, ಕೈಗೊಂದು ಮರದ ಬಾಚಣಿಗೆ ಸಾಕು.