ಅಸೆಂಬಲ್ ಮಾಡಿದ ‘ಮ್ಯಾಕ್’ ತಗೊಳ್ಳುವ ಮೊದಲು ಇದನ್ನೊಮ್ಮೆ ಓದಿ

ಮೊನ್ನೆ ಉಡುಪಿಯ ಕಲ್ಸಂಕದ ಹತ್ತಿರ ಒಬ್ಬ ಹುಡುಗ ಸಿಕ್ಕಿದ. ಈಗಷ್ಟೇ ಮದುವೆ ವಿಡಿಯೋ ಕೆಲಸ ಶುರು ಮಾಡಿದ್ದಾನೆ. ‘ಅಣ್ಣ, 45 ಸಾವಿರಕ್ಕೆ ಒಂದು ಮ್ಯಾಕ್ ಸಿಗ್ತಾ ಉಂಟು, ಅಸೆಂಬಲ್ಡ್. ತಗೊಳ್ಬಹುದಾ?’ ಅಂತ ಕೇಳಿದ. ರಸ್ತೆ ಬದಿಯಲ್ಲೇ ನಿಂತು ಅರ್ಧ ಗಂಟೆ ಬೇಡ ಬೇಡ ಅಂದೆ. ಅವನಿಗೆ ಪೂರ್ತಿ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಹಾಗಾಗಿ ನನಗೆ ಆದದ್ದನ್ನು ಬರೆದೇ ಬಿಡುತ್ತೇನೆ. ಸ್ವಲ್ಪ ಉದ್ದ ಉಂಟು.

ಇಂಥ ಅಸೆಂಬಲ್ಡ್ ಮ್ಯಾಕ್‌ಗೆ ಹ್ಯಾಕಿಂಟಾಷ್ ಅನ್ನುತ್ತಾರೆ. ಗೊತ್ತಿಲ್ಲದವರಿಗೆ: ಆಪಲ್‌ನವರ ಮ್ಯಾಕ್ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಆದ ಮ್ಯಾಕ್‌ಓಎಸ್ ಅನ್ನು ಅಂಗಡಿಯಲ್ಲಿ ಬಿಡಿ ಬಿಡಿಯಾಗಿ ಸಿಗುವ ಭಾಗಗಳಿಂದ ಜೋಡಿಸಿದ ಪಿಸಿಯಲ್ಲಿ ಓಡಿಸುವುದು. 2006ರಲ್ಲಿ ಆಪಲ್ ತನ್ನ ಮ್ಯಾಕ್‌ಗಳಿಗೆ ಇಂಟೆಲ್ ಪ್ರೊಸೆಸರ್ ಹಾಕಲು ಶುರು ಮಾಡಿದ ಮೇಲೆ ಇದು ಸುಲಭವಾಯಿತು. ಒಳಗಿನ ಸಾಮಾನು ಹೆಚ್ಚು ಕಡಿಮೆ ಒಂದೇ ಅಲ್ವಾ? ‘ಇದು ನಿಜವಾದ ಐಮ್ಯಾಕ್’ ಅಂತ ಸಿಸ್ಟಮ್‌ಗೆ ಸುಳ್ಳು ಹೇಳಿ ನಂಬಿಸಿದರೆ ಆಯಿತು. ಆ ಸುಳ್ಳು ಹೇಳುವ ಕೆಲಸ ಓಪನ್‌ಕೋರ್ ಎಂಬ ಬೂಟ್‌ಲೋಡರ್‌ನದು, ಅಂದರೆ ಆನ್ ಮಾಡಿದಾಗ ಸಿಸ್ಟಮ್ ಶುರು ಮಾಡಿಸುವ ಪ್ರೋಗ್ರಾಮಿನದು.

2021ರಲ್ಲಿ ಕೋವಿಡ್‌ನ ಎರಡನೇ ಅಲೆ ಮುಗಿದು ಮದುವೆಗಳು ಮತ್ತೆ ಶುರುವಾದವು. ನನಗೆ ಮ್ಯಾಕ್‌ನ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಫೈನಲ್ ಕಟ್ ಪ್ರೊ ಕೈಗೆ ಕೂತಿತ್ತು, ಮಂಗಳೂರಿನ ಗೆಳೆಯನ ಸ್ಟುಡಿಯೋದಲ್ಲಿ ಕಲಿತದ್ದು. ಆದರೆ 27 ಇಂಚಿನ ಐಮ್ಯಾಕ್ ತಗೊಳ್ಳುವಷ್ಟು ದುಡ್ಡು ಎಲ್ಲಿಂದ ತರುವುದು? ಆಗ ಮಂಗಳೂರಿನಲ್ಲಿ ಒಬ್ಬರು ಹ್ಯಾಕಿಂಟಾಷ್ ಮಾಡಿಕೊಡುತ್ತಾರೆ ಅಂತ ಗೊತ್ತಾಯಿತು. ಹೆಸರು ಹೇಳುವುದಿಲ್ಲ, ಈಗ ಅವರು ಊರಲ್ಲೂ ಇಲ್ಲ. ಇಂಟೆಲ್ ಐ7-10700, 32 ಜಿಬಿ ರ‍್ಯಾಮ್, 1 ಟಿಬಿ ಎನ್‌ವಿಎಂಇ ಡಿಸ್ಕ್, ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್. ಒಟ್ಟು 98 ಸಾವಿರ. ‘ಮ್ಯಾಕ್ ಹಾಕುವ ಚಾರ್ಜ್’ ಅಂತ ಮೇಲೆ 7 ಸಾವಿರ.

ನನ್ನ ಹತ್ತಿರ ಜಿಟಿಎಕ್ಸ್ 1060 ಕಾರ್ಡ್ ಇತ್ತು, ಅದನ್ನೇ ಹಾಕಿ ಅಂದೆ. ಆಗಲ್ಲ ಅಂದರು. ಅದು ಸತ್ಯವೇ. ಮ್ಯಾಕ್‌ಓಎಸ್‌ನ ಹೈ ಸಿಯೆರಾ ಆವೃತ್ತಿ ಆದ ಮೇಲೆ, ಅಂದರೆ 2018ರ ಮೊಹಾವೆಯಿಂದ, ಆ ಕಾರ್ಡಿಗೆ ಮ್ಯಾಕ್‌ನಲ್ಲಿ ಡ್ರೈವರ್ ಇಲ್ಲ. ಅವರಿಗೆ ಕೆಲಸ ಗೊತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಚೆನ್ನಾಗಿಯೇ ಗೊತ್ತಿತ್ತು. ತೊಂದರೆ ಆದದ್ದೂ ಅಲ್ಲೇ, ಅವರಿಗೆ ಮಾತ್ರ ಗೊತ್ತಿತ್ತು.

ಈಗ ನೆನೆಸಿದರೆ ಹೊಟ್ಟೆ ಉರಿಯುವ ವಿಷಯ ಒಂದುಂಟು. ಇಂಟೆಲ್ ಬಿಟ್ಟು ತನ್ನದೇ ಚಿಪ್ ಹಾಕುತ್ತೇನೆ ಅಂತ ಆಪಲ್ 2020ರ ಜೂನ್‌ನಲ್ಲೇ ಹೇಳಿಯಾಗಿತ್ತು. ಇಂಟೆಲ್ ಹೋದರೆ ಹ್ಯಾಕಿಂಟಾಷ್ ಕೂಡ ಹೋದ ಹಾಗೆಯೇ. ಅದೇ ನವೆಂಬರ್‌ನಲ್ಲಿ ಆ ಹೊಸ ಚಿಪ್‌ನ ಎಂ1 ಮ್ಯಾಕ್ ಮಿನಿ ಬಂತು, ಬೆಲೆ 64,900 ರೂಪಾಯಿ. ನಾನು ಅದರ ಬಗ್ಗೆ ಕೇಳಿದೆ ಕೂಡ. ‘ಅದರಲ್ಲಿ 8 ಜಿಬಿ ರ‍್ಯಾಮ್ ಮಾರಾಯ್ರೆ, ಎಂತ ಆಗ್ತದೆ ಅದರಲ್ಲಿ? ನಾನು 32 ಕೊಡ್ತಾ ಇದ್ದೇನಲ್ಲ’ ಅಂದರು. ನಾನು 32ಕ್ಕೆ ಬಿದ್ದೆ. 40 ಸಾವಿರ ಜಾಸ್ತಿ ಕೊಟ್ಟು, ಮುಚ್ಚಲಿಕ್ಕೆ ಶುರುವಾದ ಬಾಗಿಲಿನೊಳಗೆ ನುಗ್ಗಿದೆ.

ಎರಡೂವರೆ ವರ್ಷ ಒಳ್ಳೆಯದಾಗಿಯೇ ಓಡಿತು. ಸಣ್ಣಪುಟ್ಟ ಕಿರಿಕಿರಿ ಇತ್ತು. ಸ್ಲೀಪ್‌ಗೆ ಹೋದರೆ ಏಳುತ್ತಿರಲಿಲ್ಲ, ಹಾಗಾಗಿ ರಾತ್ರಿಯಿಡೀ ಆನ್ ಇಡುತ್ತಿದ್ದೆ. ಸಿಪಿಯುವಿನ ಮುಂಭಾಗದ ಎರಡು ಯುಎಸ್‌ಬಿ ಪೋರ್ಟ್ ಸತ್ತಿದ್ದವು. ಕನೆಕ್ಷನ್ ಲೂಸ್ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಮ್ಯಾಕ್‌ಓಎಸ್ ಒಂದು ಕಂಟ್ರೋಲರ್‌ಗೆ 15 ಪೋರ್ಟ್ ಮಾತ್ರ ಒಪ್ಪುತ್ತದೆ. ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಅಂತ ಮಾಡಿದವರೇ ಆರಿಸಬೇಕು. ಅವರು ನನ್ನ ಮುಂದಿನ ಎರಡನ್ನು ಬಿಟ್ಟಿದ್ದರು, ಅಷ್ಟೇ.

2024ರ ಫೆಬ್ರವರಿ. ಒಂದು ಮದುವೆಯ ಹೈಲೈಟ್ ಮುಂದಿನ ಭಾನುವಾರ ಮುಂಬೈ ರಿಸೆಪ್ಷನ್‌ನಲ್ಲಿ ಹಾಕಬೇಕಿತ್ತು. ಕೆಲಸ ಜಾಸ್ತಿ ಇದ್ದ ಕಾರಣ ಮಂಗಳೂರಿನ ಗೆಳೆಯ ರಫ್ ಕಟ್ ಮಾಡಿ ಎಸ್‌ಎಸ್‌ಡಿಯಲ್ಲಿ ಕೊಟ್ಟ. ಅವನದ್ದು ಹೊಸ ಫೈನಲ್ ಕಟ್. ಹೊಸದರಲ್ಲಿ ಮಾಡಿದ ಲೈಬ್ರರಿ, ಅಂದರೆ ಎಡಿಟಿಂಗ್‌ನ ಫೈಲು, ಹಳೆಯದರಲ್ಲಿ ತೆರೆಯುವುದಿಲ್ಲ. ಹೊಸ ಫೈನಲ್ ಕಟ್ ಹಾಕೋಣ ಅಂದರೆ ಅದಕ್ಕೆ ಹೊಸ ಮ್ಯಾಕ್‌ಓಎಸ್ ಬೇಕು. ನನ್ನಲ್ಲಿ ಇದ್ದದ್ದು ಬಿಗ್ ಸರ್ ಎಂಬ ಹಳೆಯ ಆವೃತ್ತಿ.

ಗುರುವಾರ ರಾತ್ರಿ 11 ಗಂಟೆ. ಆಪ್ ಸ್ಟೋರ್‌ನಲ್ಲಿ ಸೊನೋಮಾ ಎಂಬ ಹೊಸ ಮ್ಯಾಕ್‌ಓಎಸ್ ಹುಡುಕಿ ಡೌನ್‌ಲೋಡ್ ಒತ್ತಿದೆ.

‘ಅಪ್‌ಡೇಟ್ ಮಾಡ್ಬೇಡಿ, ಬೇಕಾದ್ರೆ ನನಗೆ ಫೋನ್ ಮಾಡಿ’ ಅಂತ ಅವರು ಕೊಡುವಾಗಲೇ ಹೇಳಿದ್ದರು. ಅದನ್ನು ಮುಚ್ಚಿಡುವುದಿಲ್ಲ. ಎರಡೂವರೆ ವರ್ಷದಲ್ಲಿ ಮರೆತಿದ್ದೆ. ಯಂತ್ರ ಸರಿಯಾಗಿ ಓಡುತ್ತಾ ಇದ್ದರೆ ಅದು ನಕಲಿ ಅನ್ನುವುದೇ ಮರೆತುಹೋಗುತ್ತದೆ.

ರೀಸ್ಟಾರ್ಟ್ ಆಯಿತು. ಕಪ್ಪು ತೆರೆಯಲ್ಲಿ ಬಿಳಿ ಸೇಬು ಬಂತು. ಕೆಳಗಿನ ಗೆರೆ ಸ್ವಲ್ಪ ತುಂಬಿತು, ನಿಂತಿತು, ತೆರೆ ಆರಿತು. ಮತ್ತೆ ಸೇಬು. ಮತ್ತೆ ಅದೇ ಜಾಗದಲ್ಲಿ ನಿಂತಿತು. ಮೂರು ಗಂಟೆಯವರೆಗೆ ಆ ಸೇಬನ್ನೇ ನೋಡುತ್ತಾ ಕೂತಿದ್ದೆ. ಬೆಳಿಗ್ಗೆ ಅವರಿಗೆ ಫೋನ್ ಮಾಡಿದರೆ ನಂಬರ್ ಚಾಲ್ತಿಯಲ್ಲಿಲ್ಲ. ಪರಿಚಯದವರನ್ನು ವಿಚಾರಿಸಿದಾಗ, ಅವರು ದೋಹಾಕ್ಕೆ ಹೋಗಿ ಒಂದು ವರ್ಷ ಆಯಿತು ಅಂದರು. ನಮ್ಮ ಕರಾವಳಿಯಲ್ಲಿ ಕೆಲಸ ಗೊತ್ತಿರುವವರು ಗಲ್ಫ್‌ಗೆ ಹೋಗುವುದು ಹೊಸತಾ?

ಯಾಕೆ ನಿಂತಿತು ಅಂತ ಈಗ ಹೇಳಬಲ್ಲೆ. ಓಪನ್‌ಕೋರ್ ಜೊತೆ ಕೆಕ್ಸ್ಟ್ ಅನ್ನುವ ಸಣ್ಣ ಸಣ್ಣ ಫೈಲುಗಳು ಇರುತ್ತವೆ. ಅದರಲ್ಲಿ ಲಿಲು ಅಂತ ಒಂದು. ಹಳೆಯ ಲಿಲು ತನಗೆ ಗುರುತಿಲ್ಲದ ಹೊಸ ಮ್ಯಾಕ್‌ಓಎಸ್ ಕಂಡರೆ ಸುಮ್ನೆ ಕೂತುಬಿಡುತ್ತದೆ. ಅದನ್ನು ನಂಬಿಕೊಂಡ ವರ್ಚುವಲ್‌ಎಸ್‌ಎಂಸಿ ಕೂಡ ಏಳುವುದಿಲ್ಲ. ನಿಜವಾದ ಮ್ಯಾಕ್‌ನಲ್ಲಿ ಎಸ್‌ಎಂಸಿ ಅನ್ನುವುದು ಒಂದು ಚಿಪ್. ಅದು ಇಲ್ಲ ಅಂತ ಗೊತ್ತಾದ ಕೂಡಲೇ ಮ್ಯಾಕ್‌ಓಎಸ್ ಮುಂದೆ ಹೋಗುವುದಿಲ್ಲ. ಸುಳ್ಳು ಸಿಕ್ಕಿಬಿತ್ತು, ಅಷ್ಟೇ. ಮೊದಲು ಆ ಫೈಲುಗಳನ್ನು ಹೊಸತು ಮಾಡಿ ಆಮೇಲೆ ಅಪ್‌ಡೇಟ್ ಒತ್ತಬೇಕು. ನಾನು ಉಲ್ಟಾ ಮಾಡಿದ್ದೆ.

ಇದಕ್ಕಿಂತ ಬೇಸರದ ವಿಷಯ ಏನು ಗೊತ್ತಾ? ನನ್ನ ಹಳೆಯ ಬಿಗ್ ಸರ್ ಆಗ ಹಾಗೆಯೇ ಇತ್ತು. ಬೀಳುತ್ತಾ ಇದ್ದದ್ದು ಸೊನೋಮಾದ ಇನ್‌ಸ್ಟಾಲರ್ ಮಾತ್ರ. ಆನ್ ಮಾಡುವಾಗ ಎಸ್ಕೇಪ್ ಕೀ ಒತ್ತಿ ಹಿಡಿದಿದ್ದರೆ ಓಪನ್‌ಕೋರ್‌ನ ಪಟ್ಟಿ ಬರುತ್ತಿತ್ತು, ಹಳೆಯ ಡಿಸ್ಕ್ ಆರಿಸಿದ್ದರೆ ಹತ್ತು ನಿಮಿಷದಲ್ಲಿ ಕೆಲಸಕ್ಕೆ ಕೂರಬಹುದಿತ್ತು. ಆ ಪಟ್ಟಿಯನ್ನು ಅವರು ಅಡಗಿಸಿಟ್ಟಿದ್ದರು, ನೋಡಲಿಕ್ಕೆ ಅಸಲಿ ಮ್ಯಾಕ್ ತರಹ ಕಾಣಲಿ ಅಂತ. ನನಗೆ ಇದು ಗೊತ್ತಾದದ್ದು 11 ದಿನ ಕಳೆದ ಮೇಲೆ.

ಶುಕ್ರವಾರ ಬೆಳಿಗ್ಗೆ ಸಿಪಿಯು ಹೊತ್ತುಕೊಂಡು ಉಡುಪಿಯ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಹೋಗುವಾಗ ಹೊರಗಿನ 4 ಟಿಬಿ ಹಾರ್ಡ್ ಡಿಸ್ಕ್ ಕೂಡ ತಗೊಂಡೆ, ಒಳಗೆ ಇರುವುದನ್ನು ಅದಕ್ಕೆ ಕಾಪಿ ಮಾಡಿಸೋಣ ಅಂತ. ಆ ಡಿಸ್ಕ್ ಖಾಲಿ ಇರಲಿಲ್ಲ.

ಅಂಗಡಿಯವರು ಒಳ್ಳೆಯವರೇ. ‘ಇದಕ್ಕೆ ಮ್ಯಾಕ್ ಹಾಕಿದ್ದು ಯಾರು ಮಾರಾಯ್ರೆ?’ ಅಂತ ನಕ್ಕರು. ಬಯೋಸ್‌ಗೆ, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್‌ಗೆ, ಹೋಗಲಿಕ್ಕೆ ಪಾಸ್‌ವರ್ಡ್ ಕೇಳಿತು. ನನಗೆ ಗೊತ್ತಿಲ್ಲ. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ತೆಗೆದು ಹಾಕಿದರು. ಪಾಸ್‌ವರ್ಡ್ ಹೋಯಿತು, ಜೊತೆಗೆ ಮ್ಯಾಕ್‌ಗಾಗಿ ಬದಲಿಸಿಟ್ಟ ಸೆಟ್ಟಿಂಗ್ ಎಲ್ಲ ಹೋಯಿತು. ಈಗ ಸೇಬೂ ಇಲ್ಲ.

ನಾನು ಅವರ ಹತ್ತಿರ ಮಾತಾಡುತ್ತಾ ಇದ್ದೆ. ಒಳಗಿನ ಮೇಜಿನಲ್ಲಿ ಹುಡುಗ ನನ್ನ ಹಾರ್ಡ್ ಡಿಸ್ಕನ್ನು ವಿಂಡೋಸ್ ಪಿಸಿಗೆ ಚುಚ್ಚಿದ. ಜಾಗ ಎಷ್ಟು ಉಂಟು ನೋಡಲಿಕ್ಕೆ ಇರಬೇಕು. ಮ್ಯಾಕ್‌ನ ಡಿಸ್ಕ್ ವಿಂಡೋಸ್‌ಗೆ ಓದಲು ಬರುವುದಿಲ್ಲ. ಓದಲು ಬರುವುದಿಲ್ಲ ಅಂತ ಅದು ಹೇಳುವುದೂ ಇಲ್ಲ. ಈ ಡಿಸ್ಕ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲಾ ಅಂತ ಕೇಳುತ್ತದೆ. ದಿನಕ್ಕೆ ಹತ್ತು ಪೆನ್‌ಡ್ರೈವ್ ಸರಿಮಾಡುವ ಹುಡುಗ. ಒತ್ತಿದ. ಕ್ವಿಕ್ ಫಾರ್ಮ್ಯಾಟ್‌ಗೆ ಎಷ್ಟು ಹೊತ್ತು ಬೇಕು? ‘ಅಣ್ಣ, ಇದು ಖಾಲಿ ಉಂಟು’ ಅಂತ ಅವನು ಕರೆದಾಗ ನನ್ನ ಕಾಲು ತಣ್ಣಗಾಯಿತು. ಅವನಿಗೆ ಬೈಯಲಿಲ್ಲ. ಕೈಗೆ ಕೊಡುವಾಗ ಒಂದು ಮಾತು ಹೇಳದೆ ಇದ್ದದ್ದು ನಾನು.

ಆ ಡಿಸ್ಕ್‌ನಲ್ಲಿ ಏನಿತ್ತು ಅಂದರೆ, ಕಿನ್ನಿಗೋಳಿ ಕಡೆಯ ಒಂದು ಮನೆಯ ಹರಕೆ ಆಟ, ಅಂದರೆ ಯಕ್ಷಗಾನ. ಕಟೀಲು ಮೇಳದ ಆಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು ಅನ್ನುವುದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಎರಡು ಕ್ಯಾಮೆರಾ ಇಟ್ಟಿದ್ದೆ. ಒಂದು ರಂಗಸ್ಥಳದ ಎದುರು. ಅದರದ್ದು ಕಂಪ್ಯೂಟರ್‌ನ ಒಳಗೇ ಇತ್ತು. ಇನ್ನೊಂದು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ: ಬಣ್ಣ ಹಚ್ಚುವುದು, ಚೌಕಿ ಪೂಜೆ, ಮನೆಯವರು ಪ್ರಸಾದ ತಗೊಳ್ಳುವುದು. ಅದು ಈ ಡಿಸ್ಕ್‌ನಲ್ಲಿ ಮಾತ್ರ. ಕ್ಯಾಮೆರಾದ ಕಾರ್ಡನ್ನು ಆಗಲೇ ಮುಂದಿನ ಮದುವೆಗೆ ಅಳಿಸಿದ್ದೆ.

ಕಂಪ್ಯೂಟರ್ ಒಳಗಿನದ್ದು ಉಳಿಯಿತು. ಶನಿವಾರ ಎನ್‌ವಿಎಂಇ ಬಿಚ್ಚಿ, ಒಂದು ಯುಎಸ್‌ಬಿ ಡಬ್ಬಿಗೆ ಹಾಕಿ, ಮಂಗಳೂರಿಗೆ ಬಸ್ ಹತ್ತಿದೆ. ಗೆಳೆಯನ ಮ್ಯಾಕ್ ಮಿನಿಗೆ ಚುಚ್ಚಿದ ಕೂಡಲೇ ಎಲ್ಲ ಫೋಲ್ಡರ್ ಇದ್ದ ಹಾಗೆಯೇ ಬಂತು. ಅದು ಅದೇ 8 ಜಿಬಿಯ ಎಂ1 ಮಿನಿ. ಮದುವೆಯ ಹೈಲೈಟನ್ನು ಅದರಲ್ಲೇ ಕೂತು ರಾತ್ರಿ ಎರಡು ಗಂಟೆಗೆ ಮುಗಿಸಿ ಮುಂಬೈಗೆ ಕಳಿಸಿದೆವು. ಗೆಳೆಯ ಏನೂ ಹೇಳಲಿಲ್ಲ, ಮಾರನೇ ದಿನ ಬನ್ಸ್ ತಿನ್ನುವಾಗ ‘ಒಟ್ಟು ಎಷ್ಟು ಕೊಟ್ಟಿದ್ದೆ ಮಾರಾಯ ಅದಕ್ಕೆ?’ ಅಂತ ಮಾತ್ರ ಕೇಳಿದ.

ಫಾರ್ಮ್ಯಾಟ್ ಆದ ಡಿಸ್ಕ್‌ಗೆ ರಿಕವರಿ ಸಾಫ್ಟ್‌ವೇರ್ ಓಡಿಸಿದೆವು. ಚೌಕಿಯ 94 ತುಣುಕುಗಳಲ್ಲಿ 61 ಸಿಕ್ಕಿದವು, ಹೆಸರಿಲ್ಲದೆ, ಹಿಂದೆ ಮುಂದೆ ಆಗಿ. ಉಳಿದವು ತೆರೆಯಲೇ ಇಲ್ಲ. ಮನೆಗೆ ಹೋಗಿ ವಿಷಯ ಹೇಳಿದೆ. ಹರಕೆ ಹೊತ್ತದ್ದು ಆ ಮನೆಯ ಅಜ್ಜ. ‘ನಾನು ಚೌಕಿಯಲ್ಲಿ ಪ್ರಸಾದ ತಗೊಂಡದ್ದು ಉಂಟಾ?’ ಅಂತ ಕೇಳಿದರು. ಇರಲಿಲ್ಲ. ಮೊಮ್ಮಗಳ ಮೊಬೈಲಿನಲ್ಲಿ 40 ಸೆಕೆಂಡಿನ ಒಂದು ವಿಡಿಯೋ ಇತ್ತು, ಉದ್ದುದ್ದ ಹಿಡಿದದ್ದು, ಎರಡೂ ಬದಿ ಕಪ್ಪು ಪಟ್ಟಿ. ಅದನ್ನೇ ಸೇರಿಸಿದೆ. ದುಡ್ಡು ತಗೊಳ್ಳಲಿಲ್ಲ.

ಇನ್ನು ಆ ಹುಡುಗನಿಗೆ ಹೇಳಿದ ಮಾತು. ಹ್ಯಾಕಿಂಟಾಷ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಸ್ವತಃ ಮಾಡಿ, ಸ್ವತಃ ಹಾಳು ಮಾಡಿ, ಸ್ವತಃ ಸರಿ ಮಾಡುವವರಿಗೆ ಅದೊಂದು ಹುಚ್ಚು, ಕಲಿಯಲಿಕ್ಕೂ ಉಂಟು. ಮಾಡಿದ್ದನ್ನು ದುಡ್ಡು ಕೊಟ್ಟು ತಗೊಳ್ಳುವುದು ಬೇರೆ. ಓಪನ್‌ಕೋರ್‌ನ ಸೆಟ್ಟಿಂಗ್ ಇರುವ ಕಾನ್ಫಿಗ್.ಪ್ಲಿಸ್ಟ್ ಎಂಬ ಫೈಲನ್ನು ನೀವೇ ತೆರೆದು, ಅದರಲ್ಲಿ ಏನುಂಟು ಅಂತ ಹೇಳಲು ಬರದಿದ್ದರೆ, ಆ ಯಂತ್ರದ ಬೀಗದ ಕೈ ಮಾರಿದವರ ಹತ್ತಿರವೇ ಉಂಟು ಅಂತ ಲೆಕ್ಕ. ಮತ್ತೆ, ಮ್ಯಾಕ್‌ಓಎಸ್‌ನ ಲೈಸೆನ್ಸ್ ಆಪಲ್‌ನದೇ ಯಂತ್ರಗಳಿಗೆ ಮಾತ್ರ. ಅಮೆರಿಕದಲ್ಲಿ ಸೈಸ್ಟಾರ್ ಎಂಬ ಕಂಪನಿ ಇಂಥ ಪಿಸಿ ಮಾರಿದಾಗ ಆಪಲ್ 2008ರಲ್ಲಿ ಕೋರ್ಟಿಗೆ ಹೋಯಿತು, 2009ರಲ್ಲಿ ಗೆದ್ದಿತು. ಹಾಳಾದರೆ ಯಾವ ಸರ್ವಿಸ್ ಸೆಂಟರ್‌ಗೂ ತಗೊಂಡು ಹೋಗಲಿಕ್ಕಿಲ್ಲ.

ಈಗಂತೂ 45 ಸಾವಿರ ಅಲ್ಲ, 20 ಸಾವಿರಕ್ಕೂ ಬೇಡ. ಇಂಟೆಲ್ ಮ್ಯಾಕ್‌ಗಳಿಗೆ ಟಾಹೋ, ಅಂದರೆ ಮ್ಯಾಕ್‌ಓಎಸ್ 26, ಕೊನೆಯದು ಅಂತ ಆಪಲ್ 2025ರ ಜೂನ್‌ನಲ್ಲೇ ಹೇಳಿದೆ. ಅದರ ಮುಂದಿನದ್ದು ಆಪಲ್ ಚಿಪ್‌ಗೆ ಮಾತ್ರ. ಮಾರುವವರು ಇದನ್ನು ಹೇಳುವುದಿಲ್ಲ, ‘ಲೈಫ್‌ಟೈಮ್ ಸಪೋರ್ಟ್’ ಅನ್ನುತ್ತಾರೆ. ಯಾರ ಲೈಫ್‌ಟೈಮ್?

ಈಗಾಗಲೇ ತಗೊಂಡು ಕೂತಿದ್ದರೆ ಇವತ್ತೇ ಸ್ವಲ್ಪ ಸಮಯ ಮಾಡಿ. ಯಂತ್ರ ಸರಿಯಾಗಿ ಬೂಟ್ ಆಗುತ್ತಾ ಇರುವ ಕಾಲದಲ್ಲೇ ಓಪನ್‌ಕೋರ್ ಇರುವ ಇಎಫ್‌ಐ ಫೋಲ್ಡರ್ ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಬಯೋಸ್‌ನ ಪ್ರತಿ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದಿಡಿ, ಪಾಸ್‌ವರ್ಡ್ ಇದ್ದರೆ ಕೇಳಿ ತಗೊಳ್ಳಿ. ಆಟೋ ಅಪ್‌ಡೇಟ್ ನಿಲ್ಲಿಸಿ. ಸೊನೋಮಾಕ್ಕೆ ಹೋದರೆ ಇಂಥ ಯಂತ್ರಗಳಿಗೆ ಹಾಕುವ ಹಳೆಯ ಬ್ರಾಡ್‌ಕಾಮ್ ವೈಫೈ ಕಾರ್ಡ್ ಕೂಡ ನಿಂತುಹೋಗುತ್ತದೆ, ಅದೂ ನೆನಪಿರಲಿ. ಬೇರೆಯವರ ಮದುವೆ, ಬೇರೆಯವರ ಹರಕೆ ಒಂದು ಡಿಸ್ಕ್‌ನಲ್ಲಿ ಮಾತ್ರ ಇಡಬೇಡಿ, ಇನ್ನೊಂದು ಕಾಪಿ ಇರಲಿ.

ನನ್ನ ಪಿಸಿಯಲ್ಲಿ ಈಗ ವಿಂಡೋಸ್ ಉಂಟು, ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ಕಲಿತೆ. ಮುಂದಿನ ಎರಡು ಯುಎಸ್‌ಬಿ ಪೋರ್ಟ್ ಚೆನ್ನಾಗಿ ಕೆಲಸ ಮಾಡುತ್ತವೆ. ಮ್ಯಾಕ್‌ನ ಹಳೆಯ ಡಿಸ್ಕ್ ಇನ್ನೂ ಎರಡು ಉಳಿದಿವೆ. ಅವುಗಳ ಮೇಲೆ ಬಿಳಿ ಟೇಪ್ ಅಂಟಿಸಿ ಮಾರ್ಕರ್‌ನಲ್ಲಿ ಬರೆದಿದ್ದೇನೆ: ‘ಮ್ಯಾಕ್ ಡಿಸ್ಕ್. ಖಾಲಿ ಇಲ್ಲ. ಫಾರ್ಮ್ಯಾಟ್ ಮಾಡಲಾ ಅಂತ ಕೇಳಿದರೆ ಬೇಡ ಅನ್ನಿ.’